ಸತ್ಯಾಂಶ: ಎರಡು ಲೋಹ ಬೆರೆಸಿದರೆ ಕರೆಂಟ್ ಜಾಸ್ತಿ ಹರಿಯುತ್ತದೆಯೇ?

"ತಾಮ್ರಕ್ಕೆ ಬೇರೆ ಲೋಹ ಬೆರೆಸಿದ ವೈರ್ ಹಾಕಿಸಿ, ಕರೆಂಟ್ ಜಾಸ್ತಿ ಹರಿಯುತ್ತದೆ, ಬಿಲ್ ಇಳಿಯುತ್ತದೆ" ಎಂಬ ಮೆಸೇಜ್ ಬೀದರಿನ ನಮ್ಮ ಓಣಿಯ ಗುಂಪಿಗೂ ಬಂದಿದೆ. ಇದು ನಿಜವಲ್ಲ.

ಶುದ್ಧ ತಾಮ್ರದಲ್ಲಿ ಪರಮಾಣುಗಳು ಕೂರಿಗೆಯಲ್ಲಿ ಬಿತ್ತಿದ ತೊಗರಿಯ ಹಾಗೆ ಸಾಲಾಗಿ ನಿಂತಿರುತ್ತವೆ. ಕರೆಂಟನ್ನು ಹೊತ್ತೊಯ್ಯುವ ಪುಟ್ಟ ಕಣವಾದ ಎಲೆಕ್ಟ್ರಾನ್ ಅಲೆಯಂತೆ ಸಾಗುತ್ತದೆ, ಆ ಸಾಲು ಅದಕ್ಕೆ ಅಡ್ಡಿಯೇ ಅಲ್ಲ. ಬೇರೆ ಪರಮಾಣುಗಳು ಎಲ್ಲೆಂದರಲ್ಲಿ ಸೇರಿಕೊಂಡರೆ ಅಲೆ ಚದುರುತ್ತದೆ, ಕರೆಂಟಿಗೆ ತಡೆ ಹೆಚ್ಚುತ್ತದೆ. ಚಳಿಗಾಲದಲ್ಲಿ ಹೀಟರಿನ ಕಾಯಿಲ್ ಕೆಂಪಗಾಗುವುದನ್ನು ನೋಡಿದ್ದೀರಿ ಅಲ್ವಾ? ಅದು ನಿಕಲ್, ಕ್ರೋಮಿಯಂ ಬೆರೆತ ನಿಕ್ರೋಮ್. ಅದರ ತಡೆ ತಾಮ್ರಕ್ಕಿಂತ ಸುಮಾರು 60 ಪಟ್ಟು. ನಿಕಲ್ ಆಗಲಿ ಕ್ರೋಮಿಯಂ ಆಗಲಿ ಒಂಟಿಯಾಗಿ ಇಷ್ಟು ತಡೆಯುವುದಿಲ್ಲ. ಬೆರಕೆಯೇ ಕಾರಣ.

1958ರಲ್ಲಿ ಅಮೆರಿಕದ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಇನ್ನೂ ಮುಂದೆ ಹೋದರು. ಪರಮಾಣುಗಳ ಸಾಲಿನಲ್ಲಿ ಏರುಪೇರು ಮಿತಿ ಮೀರಿದರೆ ಚದುರಿದ ಅಲೆಗಳು ದೂರದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ, ಎಲೆಕ್ಟ್ರಾನ್ ಇದ್ದಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ತೋರಿಸಿದರು. ಎಷ್ಟು ಸೊಗಸಾದ ವಿಚಾರ! 1977ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

"ನಮ್ಮ ಬಿದರಿಯಲ್ಲೂ ಬೆಳ್ಳಿ ಬೆರೆತಿದೆಯಲ್ಲ" ಎಂದು ಬೀದರಿನ ಲೋಹದ ಕುಸುರಿ ಕಲೆಯನ್ನು ನೆನಪಿಸಿ ಗುಂಪಿನಲ್ಲಿ ಒಬ್ಬರು ಕೇಳಿದರು. ಇಲ್ಲ. ಕುಶಲಕರ್ಮಿಗಳು ಬೆಳ್ಳಿ ತಂತಿಯನ್ನು ಗೀರಿನೊಳಗೆ ಇಟ್ಟು, ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಅಲ್ಲಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ.

ಮನೆಗೆ ಶುದ್ಧ ತಾಮ್ರದ, ಲೋಡಿಗೆ ತಕ್ಕ ದಪ್ಪದ ವೈರನ್ನೇ ಹಾಕಿಸಿ.