ಟ್ರ್ಯಾಕ್ಟರ್ ಆಮೇಲೆ ನೋಡಿ, ಮೊದಲು ಟ್ರೇಲರ್ ನೋಡಿ

ಸಣ್ಣ ಟ್ರ್ಯಾಕ್ಟರನ್ನು ಟ್ರೇಲರ್‌ಗೆ ಹತ್ತಿಸುವಾಗ ಸುತ್ತ ನಿಂತವರು ಏನು ನೋಡುತ್ತಾರೆ ಅಂತ ಒಮ್ಮೆ ಗಮನಿಸಿ. ಎಲ್ಲರ ಕಣ್ಣೂ ಟ್ರ್ಯಾಕ್ಟರ್ ಮೇಲೇ. ಗಾಲಿ ರ‍್ಯಾಂಪ್ ಮೇಲೆ ಸರಿಯಾಗಿ ಕೂತಿದೆಯಾ, ಸ್ಟೇರಿಂಗ್ ನೇರ ಇದೆಯಾ, ಬಾ ಬಾ, ಇನ್ನೊಂಚೂರು ಎಡಕ್ಕೆ. ಟ್ರೇಲರ್ ಎಳೆಯುವ ಗಾಡಿ ಏನಾಗುತ್ತಿದೆ ಅಂತ ಯಾರೂ ತಿರುಗಿ ನೋಡುವುದಿಲ್ಲ. ನಾನೂ ನೋಡುತ್ತಿರಲಿಲ್ಲ, ಆ ಒಂದು ಬೆಳಿಗ್ಗೆಯವರೆಗೆ.

ಅವತ್ತು ಟ್ರ್ಯಾಕ್ಟರ್ ಮೇಲಿದ್ದವರು ನಮ್ಮ ಮಾವ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ. ಪಿಕಪ್‌ಗೆ ಟ್ರೇಲರ್ ಕೊಂಡಿ ಹಾಕಿದ್ದೆವು, ಹ್ಯಾಂಡ್ ಬ್ರೇಕ್ ಎಳೆದಿದ್ದೆವು. ನಿಲ್ಲಿಸಿದ ಜಾಗ ಮುಂದಕ್ಕೆ ಸ್ವಲ್ಪ ಇಳಿಜಾರು. ಸ್ವಲ್ಪ ಅಂದರೆ ನಡೆಯುವವನ ಕಾಲಿಗೂ ಗೊತ್ತಾಗದಷ್ಟು. ನಾನು ಪಿಕಪ್ ಬಾಗಿಲ ಪಕ್ಕ ನಿಂತಿದ್ದೆ. ಟ್ರ್ಯಾಕ್ಟರಿನ ಮುಂದಿನ ಗಾಲಿ ಟ್ರೇಲರ್ ಅಂಚು ದಾಟಿತು. ಹಿಂದಿನ ದೊಡ್ಡ ಗಾಲಿ ರ‍್ಯಾಂಪ್ ಏರಿತು. ಆಗ ಪಿಕಪ್‌ನ ಹಿಂಭಾಗ ಮೆಲ್ಲಗೆ ಮೇಲೇಳತೊಡಗಿತು. ಸ್ಪ್ರಿಂಗ್ ಪಟ್ಟಿಗಳು ಕಿರ್ ಎಂದವು. ಹಿಂದಿನ ಟೈರು ಇನ್ನೂ ನೆಲಕ್ಕೆ ತಾಗಿಕೊಂಡೇ ಇತ್ತು, ಆದರೆ ಅದರ ಮೇಲೆ ಭಾರವೇ ಉಳಿದಿರಲಿಲ್ಲ. ಪಿಕಪ್, ಟ್ರೇಲರ್, ಅರ್ಧ ಹತ್ತಿದ ಟ್ರ್ಯಾಕ್ಟರ್, ಎಲ್ಲವೂ ಒಟ್ಟಿಗೆ ಮುಂದಕ್ಕೆ ಜಾರಿದವು. ರ‍್ಯಾಂಪ್‌ನ ತುದಿ ನೆಲದಲ್ಲಿ ಗೀರು ಎಳೆಯಿತು.

"ಮಾವಾ, ನಿಲ್ಲಿಸಿ!" ಅಂತ ಕೂಗಿದೆ. ಅವರು ಆಗಲೇ ಬ್ರೇಕ್ ಒತ್ತಿ ಹಿಡಿದಿದ್ದರು. ಬ್ರೇಕ್ ಹಿಡಿದಿದ್ದರೂ ಸಾಗುತ್ತಿದ್ದರು, ಯಾಕೆಂದರೆ ಜಾರುತ್ತಿದ್ದದ್ದು ಟ್ರ್ಯಾಕ್ಟರ್ ಅಲ್ಲ. ಪಿಕಪ್‌ನ ಮುಂದಿನ ಗಾಲಿ ಒಂದು ಮಣ್ಣಿನ ದಿಣ್ಣೆಗೆ ತಗುಲಿ ನಿಂತಿತು. ಆ ದಿಣ್ಣೆ ಅಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸಲು ಮನಸ್ಸಾಗುವುದಿಲ್ಲ.

ಲೆಕ್ಕ ಸರಳ. ಟ್ರೇಲರ್ ಅನ್ನೋದು ತನ್ನ ಆಕ್ಸಲ್, ಅಂದರೆ ಗಾಲಿಗಳ ಅಚ್ಚಿನ ಮೇಲೆ ಕೂತ ಏತ. ಟ್ರ್ಯಾಕ್ಟರ್ ಆಕ್ಸಲ್ ದಾಟುವವರೆಗೆ ಭಾರವೆಲ್ಲ ಹಿಂದೆ, ಹಾಗಾಗಿ ಮೂತಿ ಮೇಲೇಳುತ್ತದೆ. ಮೂತಿ ಜೊತೆಗೆ ಎಳೆಯುವ ಗಾಡಿಯ ಹಿಂಭಾಗವೂ ಏಳುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು ಮಾತ್ರ. ಹಿಂದಿನ ಗಾಲಿಗೆ ಎಂಜಿನ್ ಬಲ ಹೋಗುವ ಪಿಕಪ್ ಆದರೆ ಗೇರ್‌ನಲ್ಲಿ ಬಿಟ್ಟರೂ ಅಷ್ಟೇ, ಹಿಡಿತ ಅದೇ ಗಾಲಿಗಳದ್ದು. ನಾವು ನಂಬಿಕೊಂಡ ಎರಡೂ ಒಂದೇ ಕ್ಷಣಕ್ಕೆ ಕೈಕೊಡುತ್ತವೆ.

ಅದಕ್ಕೇ ನನ್ನ ಹಠ ಇಷ್ಟು. ಎಳೆಯುವ ಗಾಡಿಯ ಮುಂದಿನ ಗಾಲಿಗೆ ಎರಡೂ ಕಡೆ ಕಲ್ಲೋ ಮರದ ತುಂಡೋ ಕೊಡದೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಬಾರದು. ಟ್ರೇಲರ್‌ನ ಹಿಂದಿನ ಎರಡು ಮೂಲೆಗೂ ಗಟ್ಟಿ ಮರದ ದಿಮ್ಮಿಯ ಆಸರೆ ಬೇಕು, ಅಥವಾ ಟ್ರೇಲರ್‌ನದೇ ಸ್ಟ್ಯಾಂಡ್ ಇಳಿಸಬೇಕು. ಕೊಂಡಿ ಬಿಚ್ಚಿಟ್ಟ ಟ್ರೇಲರ್‌ಗಂತೂ ಹತ್ತಿಸಲೇಬೇಡಿ.

"ಸಣ್ಣ ಟ್ರ್ಯಾಕ್ಟರ್ ತಾನೇ" ಅನ್ನುವ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ದೊಡ್ಡದರ ಮುಂದೆ ಸಣ್ಣದು, ಅಷ್ಟೇ. ಅದೇ ಒಂದು ಟನ್ ಆಸುಪಾಸು ಇರುತ್ತದೆ. ಮುಂದೆ ಮಣ್ಣೆತ್ತುವ ಲೋಡರ್ ಬಕೆಟ್, ಹಿಂದೆ ಮಣ್ಣು ಪುಡಿ ಮಾಡುವ ರೋಟಾವೇಟರ್, ಹಿಡಿತಕ್ಕೆಂದು ಟೈರ್ ಒಳಗೆ ತುಂಬಿದ ನೀರು ಸೇರಿದರೆ ಒಂದೂವರೆ ಟನ್ ದಾಟಿದರೂ ಆಶ್ಚರ್ಯ ಇಲ್ಲ. ಟ್ರೇಲರ್ ಮೇಲೆ ಬರೆದ ಒಟ್ಟು ತೂಕದಲ್ಲಿ ಟ್ರೇಲರ್‌ನ ಸ್ವಂತ ತೂಕ ಕಳೆದು ಉಳಿದಷ್ಟೇ ಹೇರಬಹುದಾದ ಭಾರ. ತುಂಬಾ ಜನ ಇದನ್ನು ಮರೆಯುತ್ತಾರೆ.

ರ‍್ಯಾಂಪ್ ಉದ್ದ ಇದ್ದಷ್ಟೂ ಒಳ್ಳೆಯದು. ಎರಡಡಿ ಎತ್ತರಕ್ಕೆ ಆರಡಿ ರ‍್ಯಾಂಪ್ ಇಟ್ಟರೆ ಏರು ಸುಮಾರು 20 ಡಿಗ್ರಿ. ಎಂಟಡಿ ಇಟ್ಟರೆ 15ರ ಒಳಗೆ ಬರುತ್ತದೆ. ಆ ಐದು ಡಿಗ್ರಿ ಸೀಟಿನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ರ‍್ಯಾಂಪನ್ನು ಟ್ರೇಲರ್‌ಗೆ ಪಿನ್ ಅಥವಾ ಸರಪಳಿಯಿಂದ ಕಟ್ಟಿರಬೇಕು. ಗಾಲಿ ಮುಂದಕ್ಕೆ ಹೋಗಬೇಕಾದರೆ ರ‍್ಯಾಂಪನ್ನು ಹಿಂದಕ್ಕೆ ತಳ್ಳಲೇಬೇಕು. ಸುಮ್ನೆ ಒರಗಿಸಿಟ್ಟ ರ‍್ಯಾಂಪ್ ಕಿತ್ತುಕೊಂಡು ಹೋಗುವುದು ಹೀಗೇ. ಟೈರಿನ ಕೆಸರನ್ನೂ ಕೆರೆದು ತೆಗೆಯಿರಿ. ಒದ್ದೆ ಕಬ್ಬಿಣದ ಮೇಲೆ ಕೆಸರು ಸೋಪಿನ ಹಾಗೆ.

ಇನ್ನು ಬ್ರೇಕ್ ಪೆಡಲ್. ಎರಡು ಪೆಡಲ್ ಇರುವ ಟ್ರ್ಯಾಕ್ಟರ್ ನಿಮ್ಮದಾದರೆ ಈಗಲೇ ಹೋಗಿ ಬಗ್ಗಿ ನೋಡಿ. ಎರಡರ ನಡುವೆ ಅವನ್ನು ಒಂದಾಗಿ ಸೇರಿಸುವ ಒಂದು ಸಣ್ಣ ಚಿಲಕ ಇರುತ್ತದೆ, ಬೆರಳುದ್ದದ್ದು. ಹೊಲದಲ್ಲಿ ತಿರುಗಿಸಲು ಒಂದೊಂದೇ ಬ್ರೇಕ್ ಒತ್ತುತ್ತೇವೆ, ಹಾಗಾಗಿ ಅದು ಸದಾ ಬಿಚ್ಚೇ ಇರುತ್ತದೆ. ಮಣ್ಣು ಮೆತ್ತಿ ತುಕ್ಕು ಹಿಡಿದಿರುತ್ತದೆ. ಹಾಗೇ ರ‍್ಯಾಂಪ್ ಏರಿ, ಗಾಬರಿಯಲ್ಲಿ ಕಾಲು ಒಂದೇ ಪೆಡಲ್ ಮೇಲೆ ಬಿತ್ತು ಅನ್ನಿ. ಒಂದು ಗಾಲಿ ನಿಲ್ಲುತ್ತದೆ, ಇನ್ನೊಂದು ತಿರುಗುತ್ತದೆ, ಟ್ರ್ಯಾಕ್ಟರ್ ರ‍್ಯಾಂಪ್ ಬಿಟ್ಟು ಪಕ್ಕಕ್ಕೆ ಹೊರಳುತ್ತದೆ. ಆ ಚಿಲಕ ಹಾಕಲು ಎರಡು ಸೆಕೆಂಡ್ ಸಾಕು.

ಫೋರ್ ವೀಲ್ ಡ್ರೈವ್ ಇದ್ದರೆ ಹತ್ತಿಸುವಾಗಲೂ ಇಳಿಸುವಾಗಲೂ ಹಾಕಿಕೊಳ್ಳಿ. ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಗಾಲಿಗೆ ಮಾತ್ರ. ಮೂತಿ ಕೆಳಗೆ ಮಾಡಿ ಇಳಿಯುವಾಗ ಹಿಂಭಾಗ ಹಗುರಾಗಿ ಬ್ರೇಕ್ ಒತ್ತಿದರೂ ಟೈರ್ ಜಾರುತ್ತದೆ. ಆಗ ಮುಂದಿನ ಗಾಲಿಯೂ ಹಿಡಿದರೆ ಜೀವ ಉಳಿಯುತ್ತದೆ. ಮೊದಲೇ ಕೆಳಗಿನ ಗೇರ್‌ಗೆ ಹಾಕಿ. ನಡುವೆ ಗೇರ್ ಬದಲಿಸಬೇಡಿ, ಕ್ಲಚ್ ಮುಟ್ಟಬೇಡಿ.

ಹಿಂದೆ ಭಾರದ ಸಲಕರಣೆ ಇದ್ದು ಮುಂದೆ ಏನೂ ಇಲ್ಲದಿದ್ದರೆ ರಿವರ್ಸ್‌ನಲ್ಲಿ ಹತ್ತಿಸುವುದೇ ಸರಿ. ಭಾರದ ಬದಿ ಮೇಲಕ್ಕಿರಬೇಕು. ಮುಂದಕ್ಕೆ ಹತ್ತಿಸುವಾಗ ಹಿಂದಿನ ಗಾಲಿ ಎಲ್ಲಾದರೂ ಸಿಕ್ಕಿಕೊಂಡು ತಿರುಗದೇ ಹೋದರೆ, ಎಂಜಿನ್ ಬಲ ಗಾಲಿ ತಿರುಗಿಸುವ ಬದಲು ಟ್ರ್ಯಾಕ್ಟರನ್ನೇ ಮೇಲೆತ್ತುತ್ತದೆ. ಮೂತಿ ಎದ್ದು ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡ್ ಸಾಕು. ಏನಾಯಿತು ಅಂತ ಅರ್ಥ ಆಗುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೇ ರೋಲ್ ಬಾರ್, ಅಂದರೆ ಮಗುಚಿದರೆ ಓಡಿಸುವವರನ್ನು ಕಾಯುವ ಕಬ್ಬಿಣದ ಚೌಕಟ್ಟು ಎತ್ತಿರಬೇಕು, ಬೆಲ್ಟ್ ಹಾಕಿರಬೇಕು. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಇಂಥ ಚೌಕಟ್ಟನ್ನು ಕಡ್ಡಾಯ ಮಾಡಿತ್ತು. ಇಷ್ಟು ವರ್ಷ ಆದಮೇಲೂ ನಾವು ಅದನ್ನು ಮಡಚಿಟ್ಟು ಓಡಿಸುತ್ತೇವೆ ಅಂದರೆ ಬೇಜಾರಾಗುತ್ತದೆ.

ರ‍್ಯಾಂಪ್ ಹಿಂದೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು. ಮಕ್ಕಳಂತೂ ಹತ್ತಿರವೂ ಸುಳಿಯಬಾರದು. ಸನ್ನೆ ಮಾಡುವವರು ಒಬ್ಬರೇ ಸಾಕು, ಅವರು ದೂರದಲ್ಲಿ, ಓಡಿಸುವವರ ಕಣ್ಣಿಗೆ ಕಾಣುವಂತೆ ನಿಲ್ಲಲಿ. ಐದು ಜನ ಐದು ಸನ್ನೆ ಮಾಡಿದರೆ ಮೇಲಿರುವವರು ಯಾರ ಮಾತು ಕೇಳಬೇಕು?

ಮೇಲೆ ಹೋದಮೇಲೆ ಭಾರ ಆಕ್ಸಲ್‌ಗಿಂತ ತುಸು ಮುಂದೆ ಬರಬೇಕು. ಹಿಂದೆ ಉಳಿದರೆ ರಸ್ತೆಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಬಕೆಟ್, ರೋಟಾವೇಟರ್ ಪೂರ್ತಿ ಕೆಳಗಿಳಿಸಿ, ನಾಲ್ಕು ಮೂಲೆಗೂ ಬೇರೆ ಬೇರೆ ಸರಪಳಿ ಕಟ್ಟಿ. ಸ್ಟೇರಿಂಗ್ ರಾಡ್‌ಗೆ ಕಟ್ಟಬೇಡಿ. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೆ ಬಿಗಿ ನೋಡಿ, ಸಡಿಲ ಆಗಿಯೇ ಇರುತ್ತದೆ.

ಇಳಿಸುವಾಗ ಟ್ರೇಲರ್ ಮೂತಿ ಏಳುವ ಅದೇ ಆಟ ಮತ್ತೆ ಇದೆ. ಆದರೆ ಗಾಲಿಗೆ ಕೊಟ್ಟ ಕಲ್ಲು, ದಿಮ್ಮಿ ಎಲ್ಲ ಹತ್ತಿಸಿದ ಜಾಗದಲ್ಲೇ ಬಿಟ್ಟು ಬಂದಿರುತ್ತೇವೆ, ಅಲ್ವಾ? ನಮ್ಮ ಮಾವ ಈಗ ಎರಡು ಮರದ ತುಂಡಿಗೂ ತೂತು ಕೊರೆದು, ಹಗ್ಗ ಪೋಣಿಸಿ, ಟ್ರೇಲರ್ ಮೂತಿಗೇ ಕಟ್ಟಿಬಿಟ್ಟಿದ್ದಾರೆ.