ಕೊನೆಗೊಂದು ಕೊಟ್ಟೆ

ಮಳೆ ಜೋರು ಹಿಡಿಯುವ ಮೊದಲು ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಕೊಟ್ಟೆ ಕಟ್ಟುವ ಗಡಿಬಿಡಿ. ಕೊಳೆರೋಗ ಬಂದರೆ ಎಳೆ ಅಡಿಕೆಯೆಲ್ಲ ಉದುರಿಹೋಗುತ್ತದೆ. ಹಾಗಾಗಿ ಒಂದೊಂದು ಕೊನೆಗೂ, ಅಂದರೆ ಅಡಿಕೆ ಗೊಂಚಲಿಗೂ, ಮಳೆ ತಾಗದಂತೆ ಒಂದೊಂದು ಪ್ಲಾಸ್ಟಿಕ್ ಕೊಟ್ಟೆ, ಅಂದರೆ ಚೀಲ. ಪಕ್ಕದ ತೋಟದ ನನ್ನ ಭಾವ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅಡಿಕೆ ಮರ ಹತ್ತುವ ಕಸುಬಿನ ಕೊನೆಗೌಡನ ಮನೆಗೆ ನಾಲ್ಕು ಸಲ ಅಲೆದು, ಕೇಳಿದಷ್ಟು ಸಂಬಳ ಒಪ್ಪಿಕೊಂಡು ಮರ ಹತ್ತಿಸುತ್ತಾನೆ. ಕೆಳಗೆ ನಿಂತು ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತಾ, "ಆ ಬಲಗಡೆಯದು ಸಡಿಲವಾಗಿದೆ, ಬಿಗಿಯಾಗಿ ಕಟ್ಟು" ಎಂದು ಕೂಗುತ್ತಾನೆ. ಸಡಿಲ ಕಟ್ಟಿದ ಕೊಟ್ಟೆಯೂ ಒಂದೇ, ಕಟ್ಟದ ಕೊಟ್ಟೆಯೂ ಒಂದೇ ಎಂದು ನನಗೂ ಪಾಠ.

ಕೊಟ್ಟೆ ಸಾಲದೆ ಬಂದಾಗ ಇದೇ ಭಾವ ಬೋಳುತಲೆಯನ್ನು ಗಾಳಿಗೊಡ್ಡಿ ಬೈಕ್ ಹತ್ತಿ ಪೇಟೆಗೆ ಹೊರಡುತ್ತಾನೆ. ಹೆಲ್ಮೆಟ್ ಇಲ್ಲವೆಂದಲ್ಲ, ಹ್ಯಾಂಡಲಿಗೆ ತೂಗುತ್ತಿರುತ್ತದೆ.

"ಹಾಕಿಕೊಳ್ಳುವುದಿಲ್ಲವೇ ಭಾವ?"

"ಪೊಲೀಸರು ನಿಲ್ಲುವ ನಿಲೇಕಣಿಯ ಹತ್ತಿರ ಹಾಕಿಕೊಂಡರಾಯಿತು. ಅಲ್ಲಿಯವರೆಗೆ ಯಾರು ಹಿಡಿಯುತ್ತಾರೆ?"

ತಲೆಗೆ ಅಪಾಯ ಬರುವುದು ಪೊಲೀಸರಿಂದ, ರಸ್ತೆಯಿಂದಲ್ಲ ಎಂಬುದು ನಮ್ಮ ಜಿಲ್ಲೆಯ ಸರ್ವಸಮ್ಮತ ಸಿದ್ಧಾಂತ. ದೇವಿಮನೆ ಘಟ್ಟದ ತಿರುವುಗಳ ಬಳಿ ರಸೀದಿ ಪುಸ್ತಕ ಇಲ್ಲವಲ್ಲ, ಅವಕ್ಕೆ ಹೆದರುವುದೇಕೆ? ಎದುರಿನ ಬೈಕಿನವ ಹೆಡ್‌ಲೈಟ್ ಮಿನುಗಿಸಿದನೆಂದರೆ ಮುಂದೆ ತಪಾಸಣೆ ಇದೆ ಎಂದರ್ಥ. ಕೂಡಲೇ ಹಲಸಿನ ಮರದ ಬುಡದಲ್ಲಿ ಐದಾರು ಬೈಕು ನಿಂತು ಸಾಮೂಹಿಕ ಶಿರಸ್ತ್ರಾಣ ಧಾರಣೆ. ಪೊಲೀಸರನ್ನು ದಾಟಿದ ಮೇಲೆ ವಿಸರ್ಜನೆ. ಗುರುತಿಲ್ಲದವನ ಐನೂರು ರೂಪಾಯಿ ಉಳಿಸಲು ಇಷ್ಟು ತುಡಿಯುವ ಜನ ನಾವು. ತಲೆ ಮಾತ್ರ ಅವರವರ ಸ್ವಂತ ಆಸ್ತಿ.

2019ರಲ್ಲಿ ಕೇಂದ್ರ ಸರ್ಕಾರ ಹೆಲ್ಮೆಟ್ ಹಾಕದವರ ದಂಡವನ್ನು 1000 ರೂಪಾಯಿಗೆ ಏರಿಸಿದಾಗ ಬೊಬ್ಬೆ ಎದ್ದು, ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ತಲೆಯ ದರ ಅರ್ಧಕ್ಕೆ ಬಿದ್ದರೂ ಎಲ್ಲರಿಗೂ ಹಬ್ಬ. ರಾಶಿ ಅಡಿಕೆಯ ದರ ಹಾಗೆ ಬಿದ್ದಿದ್ದರೆ ಮಾತು ಬೇರೆಯಿತ್ತು. 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಹಿಂದೆ ಕುಳಿತ ಅಕ್ಕ ಅದನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ, ಒಳಗೆ ಸಂತೆಯ ಬದನೆಕಾಯಿ. ಕುಮಟೆಗೆ ಇಳಿದರೆ ಬದನೆಯ ಜಾಗದಲ್ಲಿ ಬಂಗಡೆ.

ಸೆಕೆಯಾಗುತ್ತದಂತೆ. ತಲೆ ಬೆವರುತ್ತದಂತೆ. ಇದನ್ನು ಹೇಳುವವರು ಯಕ್ಷಗಾನ ನೋಡಿ ಬೆಳೆದವರು! ಬಣ್ಣ ಹಚ್ಚುವ ಚೌಕಿಯಲ್ಲಿ ವೇಷಧಾರಿ ತಾಳ್ಮೆಯಿಂದ ಕುಳಿತು, ಹಣೆಯ ನರ ಉಬ್ಬುವಷ್ಟು ಬಿಗಿಯಾಗಿ ಮುಂಡಾಸು ಸುತ್ತಿಸಿಕೊಂಡು, ಅದೇ ಭಾರದಲ್ಲಿ ಸುತ್ತು ತಿರುಗಿ ಕುಣಿಯುತ್ತಾನೆ. ಬೀಳುವ ಭಯ ಅವನಿಗಿಲ್ಲ, ಆದರೂ ತಲೆಗೆ ಅಷ್ಟು ಬಂದೋಬಸ್ತು. ಪ್ರೇಕ್ಷಕನೋ, ಬೆಳಗಿನ ಜಾವ ಮಂಗಳ ಮುಗಿದ ಮೇಲೆ ತೂಕಡಿಸುತ್ತಾ, ಬರಿತಲೆಯಲ್ಲಿ, ದನ ಮಲಗಿರುವ ರಸ್ತೆಯಲ್ಲಿ ಬೈಕ್ ಓಡಿಸುತ್ತಾನೆ.

ಭಾವನ ಹೆಲ್ಮೆಟ್ಟನ್ನು ಮೊನ್ನೆ ಕೈಗೆತ್ತಿಕೊಂಡು ನೋಡಿದೆ. ರಸ್ತೆ ಬದಿಯಲ್ಲಿ ಕೊಂಡದ್ದು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ್ದನ್ನು ಮಾರುವಂತಿಲ್ಲವಾದ್ದರಿಂದ ಗುರುತಿನ ಚೀಟಿಯೇನೋ ಅಂಟಿಸಿದ್ದಾರೆ. ಒಳಗೆ ಬೆರಳು ತುರುಕಿದರೆ ತೆಳ್ಳನೆಯ ಸ್ಪಂಜು, ಅದರಾಚೆ ನೇರವಾಗಿ ಚಿಪ್ಪು. ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ ಹೊಡೆತವನ್ನು ನುಂಗಬೇಕಾದ ಗಟ್ಟಿ ಥರ್ಮೋಕೋಲ್ ಇಲ್ಲವೇ ಇಲ್ಲ. ಗದ್ದದ ಪಟ್ಟಿಯ ಕೊಕ್ಕೆಯೂ ಮುರಿದಿದೆ.

"ಭಾವ, ಪಟ್ಟಿ ಕಟ್ಟದಿದ್ದರೆ ಬೀಳುವಾಗ ನಿನ್ನ ತಲೆಗಿಂತ ಮೊದಲು ಇದು ಹಾರಿಹೋಗುತ್ತದೆ."

"ಪೊಲೀಸರು ಪಟ್ಟಿಯನ್ನೆಲ್ಲ ನೋಡುವುದಿಲ್ಲ ಮಾರಾಯ."

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಭಾವ ಆಕಾಶ ನೋಡಿದ, ಬೋಳುತಲೆ ಸವರಿಕೊಂಡ. ಶೀತವಾದರೆ ಕಷ್ಟ ಎಂದು ಗೊಣಗುತ್ತಾ ಉಳಿದಿದ್ದ ಒಂದು ಕೊಟ್ಟೆಯನ್ನು ಕೊಡವಿ, ಕಿವಿ ಮುಚ್ಚುವಂತೆ ತಲೆಗೆ ಎಳೆದುಕೊಂಡು, ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿ, ಬೈಕಿಗೆ ಕಿಕ್ ಹೊಡೆದ.