ಇಲ್ಲಿ ಖಾಲಿ ಇದೆಯಲ್ಲ ಸರ್!

ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಅಂಟು ಇದೆ. ನಿನ್ನೆ ರಾತ್ರಿ ಸಾವಿರ ಫ್ಲೈಯರ್‌ಗಳಿಗೆ ಸಾವಿರ ಸ್ಟಿಕ್ಕರ್ ಹಚ್ಚಿದ ಕೈ ಇದು. ಇವತ್ತು ಯಾರಾದರೂ ನನ್ನ ಕೈ ಕುಲುಕಿದರೆ ಬೇಗ ಬಿಡಿಸಿಕೊಳ್ಳಲಾರರು.

ಕೆಲಸ ಚಿಕ್ಕದೇ. ಒಂದು ಕ್ಲಬ್ಬಿಗೆ ತಿಂಗಳಿಗೊಂದು ಡಿಜೆ ನೈಟ್‌ನ ಫ್ಲೈಯರ್ ಮಾಡಿಕೊಡುವುದು. ಎ6 ಅಳತೆ: 105 ಮಿ.ಮೀ. ಅಗಲ, 148 ಮಿ.ಮೀ. ಉದ್ದ. ಸುತ್ತಲೂ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿ ಹೋಗಲೆಂದೇ ಹೆಚ್ಚುವರಿ ಬಣ್ಣ, ಬಿಡದಿದ್ದರೆ ಕತ್ತರಿಸಿದ ಮೇಲೆ ಅಂಚಿನಲ್ಲಿ ಬಿಳಿ ಗೆರೆ ಹಲ್ಲು ಕಿರಿಯುತ್ತದೆ. ಪರದೆಯ ಮೇಲೆ ಕಣ್ಣು ಕುಕ್ಕುತ್ತಿದ್ದ ನೀಲಿ, ಮುದ್ರಣದ ನಾಲ್ಕು ಶಾಯಿಗಳಾದ ಸಿಎಂವೈಕೆಗೆ ಇಳಿದ ಕೂಡಲೇ ಹಳೇ ಜೀನ್ಸ್ ಪ್ಯಾಂಟಿನ ಮಂಡಿಯಂತಾಗುತ್ತದೆ. 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಅಗಲದಲ್ಲಿ ಸುಮಾರು 1240 ಪಿಕ್ಸೆಲ್ ಬೇಕು. ಡಿಜೆಯ ಫೋಟೊ ಮಾತ್ರ ವಾಟ್ಸಾಪ್‌ನಲ್ಲಿ ಆರು ಕೈ ದಾಟಿ, 400ಕ್ಕೆ ಸೊರಗಿ ನನ್ನ ಬಳಿ ಬರುತ್ತದೆ. ಇದೆಲ್ಲ ಸಹಿಸಬಹುದು. ಕಸುಬು ಅಂದಮೇಲೆ ಇರುವಂಥದ್ದೇ.

ಸಹಿಸಲಾಗದ್ದು ಕ್ಲಬ್ಬಿನ ಮ್ಯಾನೇಜರ್.

ಮನುಷ್ಯ ಒಳ್ಳೆಯವರು, ದುಡ್ಡು ತಡಮಾಡುವುದಿಲ್ಲ. ಆದರೆ ಕಾಗದದ ಮೇಲೆ ಒಂದಿಷ್ಟು ಖಾಲಿ ಜಾಗ ಕಂಡರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ನಡುವಲ್ಲಿ ದೊಡ್ಡದಾಗಿ ಹೆಸರು, ಕೆಳಗೆ ತಾರೀಖು, ಉಳಿದದ್ದೆಲ್ಲ ಕಡುಗಪ್ಪು. ಕತ್ತಲೆಯೇ ಮಾತಾಡಬೇಕು ಎಂದು ನಾನು ಕಳಿಸುತ್ತೇನೆ. ರಾತ್ರಿ ಹನ್ನೊಂದೂಮುಕ್ಕಾಲಿಗೆ, ಹಿಂದೆ ಬೇಸ್ ದಬದಬ ಬಡಿಯುತ್ತಿರುವಾಗ, ಅವರ ವಾಯ್ಸ್ ಮೆಸೇಜು ಬರುತ್ತದೆ: "ಸರ್, ಸೂಪರ್ ಆಗಿದೆ. ಆದ್ರೆ ಇಲ್ಲಿ ಖಾಲಿ ಇದೆಯಲ್ಲ!"

ಖಾಲಿ ಇಲ್ಲ ಸರ್, ಅದು ವಿನ್ಯಾಸ ಎಂದೆ ಮೊದಮೊದಲು. "ಅಲ್ಲ, ಹೇಗೂ ಪೂರ್ತಿ ಕಾಗದಕ್ಕೆ ದುಡ್ಡು ಕೊಟ್ಟಿದೀವಿ..." ಎಂದರು. ಅವರ ಪಾಲಿಗೆ ಖಾಲಿ ಜಾಗ ಎಂದರೆ ಬಾಡಿಗೆಗೆ ಹೋಗದೆ ಉಳಿದ ಕೋಣೆ. ಅಲ್ಲಿಗೆ ಮೊದಲು ಕ್ಯೂಆರ್ ಕೋಡ್ ಬಂತು. ಅದರ ಪಕ್ಕಕ್ಕೆ ಫೋನ್ ನಂಬರು. ನಂಬರಿಗೆ ಜೊತೆಯಿಲ್ಲವೆಂದು ಇನ್ನೊಂದು ನಂಬರು. ಆಮೇಲೆ "ಪಾರ್ಕಿಂಗ್ ಸೌಲಭ್ಯವಿದೆ". ಆಮೇಲೆ "ಪಾರ್ಕಿಂಗ್ ಸೀಮಿತ". ಕಡೆಗೆ ಒಂದು ಹೆಡ್‌ಫೋನಿನ ಚಿತ್ರ. ಹೆಡ್‌ಫೋನ್ ಹಾಕದಿದ್ದರೆ ಇದು ಸಂಗೀತದ ಕಾರ್ಯಕ್ರಮ ಎಂದು ಜನರಿಗೆ ಹೇಗೆ ಗೊತ್ತಾಗಬೇಕು?

ಈ ಸಲ ಪ್ರೂಫನ್ನು ಕಾಗದದಲ್ಲೇ ತೆಗೆಸಿಕೊಂಡು ಹೋಗಿದ್ದೆ. ಹಗಲಿನಲ್ಲೂ ಕತ್ತಲಾಗಿಯೇ ಇರುವ ಆ ಹಾಲಿನಲ್ಲಿ ಅವರು ಫ್ಲೈಯರನ್ನು ಕಣ್ಣಿನ ಹತ್ತಿರ ಹಿಡಿದರು. ಹಿಡಿದು, ಎರಡು ಬೆರಳನ್ನು ಕಾಗದದ ಮೇಲಿಟ್ಟು ಅಗಲಿಸಿದರು. ಅದು ದೊಡ್ಡದಾಗಲಿಲ್ಲ. ಮತ್ತೊಮ್ಮೆ ಅಗಲಿಸಿದರು. ಇಬ್ಬರೂ ಒಂದು ಕ್ಷಣ ಸುಮ್ಮನಿದ್ದೆವು. ಆಮೇಲೆ ಏನೂ ಆಗಿಲ್ಲವೆಂಬಂತೆ "ಓಕೆ, ಪ್ರಿಂಟ್‌ಗೆ ಕೊಡಿ" ಎಂದು ಸಹಿ ಹಾಕಿದರು.

ಸಾವಿರ ಪ್ರತಿ ಬಂದ ಮೇಲೆ ನೋಡಿದರೆ, "ಶುಕ್ರವಾರ 14". ಶುಕ್ರವಾರ ಬಿದ್ದಿರುವುದು 13ಕ್ಕೆ.

ನೀವೇ ತಾನೇ ಫೋನಿನಲ್ಲಿ 14 ಅಂದಿದ್ದು ಎಂದೆ. "ಹೌದು ಸರ್, ಮೇನ್ ಡಿಜೆ ಹತ್ತೋದು ಹನ್ನೆರಡೂವರೆಗೆ. ಆಗ 14 ಆಗಿರುತ್ತಲ್ಲ?" ವಕೀಲರೂ ಒಪ್ಪುವ ಮಾತು. ಕ್ಯಾಲೆಂಡರ್ ನೋಡದ ತಪ್ಪು ನನ್ನದು, ಆದ್ದರಿಂದ ಬಾಯಿ ಮುಚ್ಚಿಕೊಂಡೆ.

ಇಂಥ ಹೊತ್ತಿನಲ್ಲಿ ನಾನು ಇಂಗ್ಲೆಂಡಿನ ಗ್ರಾಫಿಕ್ ವಿನ್ಯಾಸಕಾರ ಪೀಟರ್ ಸ್ಯಾವಿಲ್‌ನನ್ನು ನೆನೆಯುತ್ತೇನೆ. 1978ರಲ್ಲಿ ಮ್ಯಾಂಚೆಸ್ಟರ್‌ನ 'ದಿ ಫ್ಯಾಕ್ಟರಿ' ಎಂಬ ಕ್ಲಬ್ ನೈಟ್‌ಗೆ ಆತ ಮಾಡಿದ ಪೋಸ್ಟರು ಪ್ರಚಾರಕ್ಕೆ ಬಳಸಲಾಗದಷ್ಟು ತಡವಾಗಿ ಕೈಸೇರಿತು. ಹಳದಿಯ ಮೇಲೆ ಕಪ್ಪಿನಲ್ಲಿ, ಕಾರ್ಖಾನೆಯ ಎಚ್ಚರಿಕೆ ಫಲಕದ ಧಾಟಿಯದು. ಇವತ್ತು ಸಂಗ್ರಹಕಾರರು ಅದಕ್ಕೆ ಮುಗಿಬೀಳುತ್ತಾರೆ. ನನ್ನ ಶುಕ್ರವಾರ 14ಕ್ಕೂ ಮುಂದೊಂದು ಕಾಲ ಬಂದೀತು. ಸದ್ಯಕ್ಕೆ ಸ್ಟಿಕ್ಕರ್ ಬಂತು.

ಅಂಗಡಿಯಲ್ಲಿ ಸಿಕ್ಕ ಅತಿ ಚಿಕ್ಕ ಸ್ಟಿಕ್ಕರ್ ಕೂಡ ತಾರೀಖಿನ ಸಾಲಿಗಿಂತ ದೊಡ್ಡದು. ತಾರೀಖಿನ ಕೆಳಗೆ ನಾನು ಮೊದಲು ಬಿಟ್ಟಿದ್ದ ಜಾಗ ಇದ್ದಿದ್ದರೆ ಅಲ್ಲಿ ಆರಾಮಾಗಿ ಕೂರುತ್ತಿತ್ತು. ಆ ಜಾಗದಲ್ಲಿ ಈಗ ಪಾರ್ಕಿಂಗ್ ಇದೆಯಲ್ಲ! ಪಾರ್ಕಿಂಗ್ ಹಾಕಲು ಮೇಲಕ್ಕೆ ತಳ್ಳಿದ್ದ ಒಂದು ಸಾಲು ತಾರೀಖಿಗೆ ಒತ್ತಿಕೊಂಡು ಕೂತಿತ್ತು. 7 ಪಾಯಿಂಟಿನ ಪುಟ್ಟ ಅಕ್ಷರದಲ್ಲಿ, ಎಲ್ಲರಿಗಿಂತ ಮೊದಲು ಒಂಬತ್ತು ಗಂಟೆಗೆ ಖಾಲಿ ಹಾಲಿಗೆ ನುಡಿಸುವ ಹುಡುಗನ ಹೆಸರು. ಸ್ಟಿಕ್ಕರ್ ಹಚ್ಚಿದರೆ ತಾರೀಖಿನ ಜೊತೆ ಅವನೂ ಮುಚ್ಚಿಹೋಗುತ್ತಿದ್ದ. ಮೊದಲ ನೂರಕ್ಕೆ ಓರೆಯಾಗಿ ಹಚ್ಚಿ ಉಳಿಸಲು ನೋಡಿದೆ. ರಾತ್ರಿ ಎರಡಾಯಿತು. ಆಮೇಲೆ ನೇರವಾಗಿ ಹಚ್ಚಿಬಿಟ್ಟೆ.

ಇವತ್ತು ಕಟ್ಟು ಕೊಡಲು ಹೋದಾಗ ಆ ಹುಡುಗ ಅಲ್ಲೇ ವೈರು ಸುತ್ತುತ್ತಿದ್ದ. ಓಡಿ ಬಂದು ಒಂದು ಪ್ರತಿ ಎತ್ತಿಕೊಂಡ. ಮುಂದೆ ನೋಡಿದ, ಹಿಂದೆ ನೋಡಿದ.

"ಅಣ್ಣಾ, ಸ್ಟಿಕ್ಕರ್ ಇಲ್ಲದ್ದು ಇದೆಯಾ?"

ಇರಲಿಲ್ಲ. ಓರೆಯಾಗಿ ಹಚ್ಚಿದ್ದವು ಕಟ್ಟಿನ ತಳದಲ್ಲೆಲ್ಲೋ ಇದ್ದವು, ಅವುಗಳಲ್ಲೂ ಅವನ ಹೆಸರಿನ ಅರ್ಧ ಮಾತ್ರ ಕಾಣುತ್ತಿತ್ತು. ಅವನು ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ಉಗುರಿನಿಂದ ಮೆಲ್ಲಗೆ ಸ್ಟಿಕ್ಕರ್ ಕೀಳತೊಡಗಿದ. ಲ್ಯಾಮಿನೇಷನ್ ಇದ್ದದ್ದು ಪುಣ್ಯ, ಕಾಗದ ಹರಿಯಲಿಲ್ಲ. ಐದು ಪ್ರತಿ ಬಿಡಿಸಿಕೊಂಡು ಪುಸ್ತಕದೊಳಗೆ ಇಟ್ಟುಕೊಂಡ.

"ಅದರಲ್ಲಿ ತಾರೀಖು ತಪ್ಪಿದೆ ಕಣೋ" ಎಂದೆ.

"ಪರವಾಗಿಲ್ಲ ಅಣ್ಣಾ, ಇದು ಅಮ್ಮನಿಗೆ. ಅವರೇನು ಬರಲ್ಲ."